ಬೈಬರಿ ಬಗ್ಗೆ ಗೆಳೆಯನಿಗೊಂದು ಪತ್ರ

ಮಗಾ, ಹೇಗಿದೀಯ? ಮನೇಲಿ ಎಲ್ಲಾ ಆರಾಮಾ?

ಇಂಗ್ಲೆಂಡಿಗೆ ಬಂದಾಗ ಲಂಡನ್ ಸುತ್ತಿದ್ದು ಸಾಕು, ಒಂದು ಹಳ್ಳಿ ತೋರಿಸು ಅಂದಿದ್ಯಲ್ಲ, ನಾನು ನಿನಗೆ ತೋರಿಸ್ಬೇಕು ಅಂತಿರೋದು ಬೈಬರಿ. ಗ್ಲಾಸ್ಟರ್‌ಶೈರ್‌ನಲ್ಲಿ, ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಸೀಮೆ, ಕೋಲ್ನ್ ಅನ್ನೋ ಸಣ್ಣ ಹೊಳೆ ದಂಡೆ ಮೇಲಿದೆ. ಗುಡ್ಡದ ಸುಣ್ಣದಕಲ್ಲಿನೊಳಗಿಂದ ಸೋಸ್ಕೊಂಡು ಬರೋ ನೀರು, ಎಷ್ಟು ತಿಳಿ ಅಂದ್ರೆ ಹರಿವಿಗೆ ಎದುರಾಗಿ ಬಾಲ ಆಡಿಸ್ತಾ ನಿಂತ ಟ್ರೌಟ್ ಮೀನು ರಸ್ತೇಲಿ ನಿಂತೋರಿಗೂ ಕಾಣುತ್ತೆ. ಇದೇ ಹೊಳೆ ಮುಂದೆ ಲೆಚ್ಲೇಡ್ ಹತ್ರ ಥೇಮ್ಸ್ ಸೇರೋದು.

ಎಲ್ರೂ ಫೋಟೋ ತೆಗಿಯೋದು ಆರ್ಲಿಂಗ್ಟನ್ ರೋ ಅನ್ನೋ ಮನೆಸಾಲನ್ನ. 1380ರ ಸುಮಾರಿಗೆ ಮಠದವರು ಉಣ್ಣೆ ಇಡೋಕೆ ಕಟ್ಟಿಸಿದ ಉಗ್ರಾಣ ಅದು, 17ನೇ ಶತಮಾನದಲ್ಲಿ ನೇಕಾರರ ಮನೆಗಳಾಯ್ತು. ಛಾವಣಿ ಸರಿಯಾಗಿ ನೋಡು, ಅದೂ ಕಲ್ಲಿನ ಚಪ್ಪಡೀನೇ, ಕೆಳಗಡೆ ಸೂರಿನ ಹತ್ರ ದೊಡ್ಡವು, ಮೇಲೆ ಹೋಗ್ತಾ ಹೋಗ್ತಾ ಚಿಕ್ಕವು.

ಆದ್ರೆ ನಂಗೆ ಮನಸ್ಸಿಗೆ ಹಿಡಿಸಿದ್ದು ಆ ಮನೆಗಳಲ್ಲ ಕಣೋ, ಅವುಗಳ ಮುಂದಿರೋ ಜೌಗು ಹುಲ್ಲುಗಾವಲು. ರ‍್ಯಾಕ್ ಐಲ್ ಅಂತಾರೆ, ಸುತ್ತ ನೀರು, ಈಗ ಬಾತುಕೋಳಿಗಳ ರಾಜ್ಯ. ಆಗ ಈ ಮನೆಗಳಲ್ಲಿ ನೇಯ್ದ ಉಣ್ಣೆ ಬಟ್ಟೆ ಪಕ್ಕದ ಆರ್ಲಿಂಗ್ಟನ್ ಮಿಲ್ಲಿಗೆ ಹೋಗೋದು, ಅಲ್ಲಿ ನೀರಿನ ಚಕ್ರದಿಂದ ಏಳೋ ಮರದ ಸುತ್ತಿಗೆಗಳು ಒದ್ದೆ ಬಟ್ಟೇನ ಕುಟ್ಟಿ ಕುಟ್ಟಿ ಜಿಡ್ಡು ತೆಗೆದು ದಟ್ಟ ಮಾಡ್ತಿದ್ವು, ಹಾಗೆ ಕುಟ್ಟಿದ ಬಟ್ಟೆ ಕುಗ್ಗುತ್ತಲ್ಲ, ಅದಕ್ಕೆ ಈ ಗಾವಲಲ್ಲಿ ಮರದ ಚೌಕಟ್ಟು ನೆಟ್ಟು ಕೊಕ್ಕೆಗೆ ಸಿಕ್ಕಿಸಿ ಎಳೆದು ಬಿಗಿದು ಒಣಗಿಸೋರು. ಅಂದ್ರೆ ಉಗ್ರಾಣ, ನೇಕಾರರ ಮನೆ, ಮಿಲ್ಲು, ಒಣಗಿಸೋ ಜಾಗ, ಎಲ್ಲ ಒಂದು ಕೂಗಳತೆಯಲ್ಲಿ, ಒಂದೇ ಹೊಳೆ ನಂಬ್ಕೊಂಡು. ಇದು ದುಡಿಮೆಯ ಊರು ಮಗಾ, ಯಾರೂ ಚೆಂದ ಕಾಣ್ಲಿ ಅಂತ ಕಟ್ಟಿದ್ದಲ್ಲ. ಆ ಕಾಲದಲ್ಲಿ ಇಂಗ್ಲೆಂಡಿನ ಸಿರಿತನ ಅಂದ್ರೆ ಉಣ್ಣೆ, ಇವತ್ತಿಗೂ ಅವರ ಮೇಲ್ಮನೆ ಸ್ಪೀಕರ್ ಕೂರೋದು ಉಣ್ಣೆ ತುಂಬಿದ ಪೀಠದ ಮೇಲೇನೇ.

ಆಮೇಲೆ ದೊಡ್ಡ ಫ್ಯಾಕ್ಟರಿಗಳು ಬಂದು ಕೈಮಗ್ಗದ ಕೆಲಸ ಹೋಯ್ತು, ಸುತ್ತಮುತ್ತ ಬಡತನ. ಕೆಡವಿ ಹೊಸದು ಕಟ್ಟೋಕೆ ಕಾಸಿಲ್ಲದೆ ಹಳೇ ಮನೆಗಳು ಉಳ್ಕೊಂಡ್ವು ಅನ್ನೋದು ನನ್ನ ಅನಿಸಿಕೆ. 19ನೇ ಶತಮಾನದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಈ ಊರನ್ನ ಇಂಗ್ಲೆಂಡಿನ ಅತಿ ಸುಂದರ ಹಳ್ಳಿ ಅಂದಿದ್ದನಂತೆ. ಕಾರು ಕಂಪನಿಯ ಹೆನ್ರಿ ಫೋರ್ಡ್ ಆರ್ಲಿಂಗ್ಟನ್ ರೋ ಮನೆಸಾಲನ್ನೇ ಬಿಚ್ಚಿ ಅಮೆರಿಕಕ್ಕೆ ಸಾಗಿಸೋಕೆ ನೋಡಿದ್ದ ಅನ್ನೋ ಮಾತೂ ಇದೆ, ನಂಬೋಕಾಗಲ್ಲ ಅನ್ಬೇಡ, ಹತ್ತಿರದ ಚೆಡ್‌ವರ್ತ್‌ನಿಂದ ಒಂದು ಇಡೀ ಮನೇನ 1930ರಲ್ಲಿ ಮಿಷಿಗನ್‌ಗೆ ಹೊತ್ಕೊಂಡು ಹೋದವನು ಅವನು. ಪುಣ್ಯಕ್ಕೆ ಆರ್ಲಿಂಗ್ಟನ್ ರೋ ಈಗ ಹಳೇ ಕಟ್ಟಡಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆ ಕೈಲಿದೆ. ಅಲ್ಲೇ ಇರೋ, ಟ್ರೌಟ್ ಮೀನು ಸಾಕೋ ಫಾರ್ಮ್ 1902ರದ್ದು, ಮಕ್ಕಳಿದ್ರೆ ಖುಷಿ. ಸೇಂಟ್ ಮೇರಿ ಚರ್ಚ್ ಸ್ಯಾಕ್ಸನ್ ಕಾಲದ್ದು, ಅಂದ್ರೆ ಸುಮಾರು ಸಾವಿರ ವರ್ಷ ಹಳೇದು, ಅಲ್ಲಿನ 1927ರ ಬಣ್ಣದ ಗಾಜಿನ ಕಿಟಕಿ 1992ರ ಕ್ರಿಸ್‌ಮಸ್ ಸ್ಟಾಂಪ್ ಮೇಲೆ ಬಂದಿತ್ತು, ಅದನ್ನ ಬಿಡೋ ಹಾಗಿಲ್ಲ.

ವೀಕೆಂಡ್ ಬೇಡ ಕಣೋ. ಟೂರಿಸ್ಟ್ ಗಾಡಿಗಳು ಬಂದು ಆ ಕಿರಿದಾದ ರಸ್ತೆ ಜಾಮ್ ಆಗುತ್ತೆ. ಆ ಮನೆಗಳಲ್ಲಿ ಈಗಲೂ ಜನ ಇದಾರೆ, ಬಂದೋರು ಕಿಟಕಿಯಲ್ಲಿ ಇಣುಕಿದ್ರೆ ಹೇಗಾಗ್ಬೇಡ ಹೇಳು. ವಾರದ ಮಧ್ಯೆ ಬೆಳಗ್ಗೇನೇ ಹೋಗೋಣ, ಟಿಕೆಟ್ ಆದ ಕೂಡ್ಲೆ ಡೇಟ್ ಕಳಿಸು, ನಾನು ರಜೆ ಹಾಕ್ತೀನಿ.