ಕಾಯಿಲ್ ತಂತಿ ಬದಲಾಗಿರುವ ಬಗ್ಗೆ ನಮ್ಮ ಗ್ರಾಹಕರಿಗೆ

ಪ್ರೀತಿಯ ಗ್ರಾಹಕರೇ,

ಮೊದಲು ಕ್ಷಮೆ ಕೇಳಿಬಿಡುತ್ತೇವೆ, ಉಳಿದ ಮಾತು ಆಮೇಲೆ. ವೇಪ್‌ನಲ್ಲಿ (ಇ-ಸಿಗರೇಟು) ದ್ರವ ಕಾಯಿಸುವ ತಂತಿಯ ಸುರುಳಿಯೇ ಕಾಯಿಲ್; ದಪ್ಪ ಎಳೆಗಳ ಮೇಲೆ ತೆಳು ತಂತಿ ಸುತ್ತಿ ಮಾಡಿದ್ದು ಕ್ಲಾಪ್ಟನ್. ನಮ್ಮ ಕ್ಲಾಪ್ಟನ್ ಕಾಯಿಲ್‌ಗಳ ಒಳತಂತಿಯನ್ನು ಕಾಂತಲ್‌ನಿಂದ (ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಬೆರೆತ ಲೋಹ) ನೈಕ್ರೋಮ್ 80ಕ್ಕೆ (ನಿಕಲ್, ಕ್ರೋಮಿಯಂ ಬೆರೆತ ಲೋಹ) ಬದಲಾಯಿಸಿದ್ದೇವೆ. ಹೊಸ ಕಾಯಿಲ್‌ಗಳ ಮೊದಲ ಕಂತು ಹಳೇ ಚೀಟಿ ಅಂಟಿಸಿದ ಪ್ಯಾಕೆಟ್‌ನಲ್ಲೇ ಹೋಗಿಬಿಟ್ಟಿತು. ಅದು ನಮ್ಮ ತಪ್ಪು. ಆ ಪ್ಯಾಕೆಟ್ ಇನ್ನೂ ನಿಮ್ಮ ಹತ್ತಿರ ಇದ್ದರೆ ಚೀಟಿಯ ಓಮ್ ಅಂಕಿಯನ್ನು ನಂಬಬೇಡಿ. ಓಮ್ ಮೀಟರ್‌ನಲ್ಲಿ (ತಂತಿಯ ವಿದ್ಯುತ್ ತಡೆ ಅಳೆಯುವ ಉಪಕರಣ) ನೋಡದೆ ಮಾಡ್ (ವೇಪ್‌ನ ಬ್ಯಾಟರಿ ಇರುವ ಭಾಗ) ಮೇಲೆ ಹಾಕಬೇಡಿ.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಹಳೇ ಕಾಯಿಲ್ ಒಂದಕ್ಕೆ 0.58 ಓಮ್ ಬರುತ್ತಿತ್ತು, ಹೊಸದಕ್ಕೆ 0.44 ಬರುತ್ತದೆ. ಡೆಕ್‌ನಲ್ಲಿ (ಕಾಯಿಲ್ ಬಿಗಿಯುವ ತಟ್ಟೆ) ಎರಡು ಕೂರಿಸಿದರೆ ತಡೆ ಅರ್ಧಕ್ಕಿಳಿಯುತ್ತದೆ: ಮೊದಲು 0.29 ಇದ್ದದ್ದು ಈಗ 0.22. ವಾಟ್ ನೀವೇ ಇಡುವ ಮಾಡ್‌ಗೆ ಇದು ದೊಡ್ಡ ವಿಷಯವಲ್ಲ, ಅದು ಅಳೆದು ತಾನೇ ಹೊಂದಿಸಿಕೊಳ್ಳುತ್ತದೆ. ಸರ್ಕ್ಯೂಟ್ ಇಲ್ಲದ ಮೆಕ್ಯಾನಿಕಲ್ ಮಾಡ್ ಹಾಗಲ್ಲ, ಅದರಲ್ಲಿ ತಡೆ ಕಡಿಮೆಯಾದಷ್ಟೂ ಕರೆಂಟ್ ಹೆಚ್ಚು ಹರಿಯುತ್ತದೆ. ಪೂರ್ತಿ ಚಾರ್ಜ್ ಆದ 4.2 ವೋಲ್ಟ್ ಬ್ಯಾಟರಿಯಿಂದ ಮೊದಲು ಸುಮಾರು 14.5 ಆಂಪಿಯರ್ ಎಳೆಯುತ್ತಿದ್ದ ಜೋಡಿ, ಈಗ 19 ಎಳೆಯುತ್ತದೆ. 20 ಆಂಪಿಯರ್ ಮಿತಿಯ ಬ್ಯಾಟರಿಗೆ ಅದು ತೀರಾ ಅಂಚು. ಅದಕ್ಕಿಂತ ಕಡಿಮೆ ಮಿತಿಯದಾದರೆ ಈ ಜೋಡಿ ಬೇಡವೇ ಬೇಡ, ಒಂದೇ ಕಾಯಿಲ್ ಹಾಕಿ.

ಈಗ ನಮಗೆ ನಿಜವಾಗಿ ನೋವಾದ ಮಾತಿಗೆ ಬರುತ್ತೇವೆ. "ಓಮ್ ಕಡಿಮೆ ಬರ್ತಿದೆ, ಅಂದ್ರೆ ತಂತಿ ಕಡಿಮೆ ಹಾಕಿದ್ದೀರಿ, ದುಡ್ಡು ಮಾತ್ರ ಜಾಸ್ತಿ ತಗೊಂಡಿದ್ದೀರಿ." ಎಷ್ಟು ಜನ ಹೀಗೆ ಬರೆದಿದ್ದೀರಿ ಅಂದರೆ, ಒಬ್ಬೊಬ್ಬರಿಗೂ ಉತ್ತರ ಕೊಟ್ಟು ಸಾಕಾಗಿ ಇಲ್ಲೇ ಎಲ್ಲರಿಗೂ ಹೇಳುತ್ತಿದ್ದೇವೆ. ತಂತಿ ಒಂದು ಮಿಲಿಮೀಟರ್ ಕೂಡ ಕಡಿಮೆಯಾಗಿಲ್ಲ. ಅದೇ 28 ಗೇಜ್‌ನ (ತಂತಿಯ ದಪ್ಪದ ಅಳತೆ, ಅಂಕಿ ಹೆಚ್ಚಿದಷ್ಟೂ ತಂತಿ ತೆಳು) ಎರಡು ಎಳೆ, ಅದೇ 3 ಮಿಲಿಮೀಟರ್ ಒಳಅಳತೆ, ಅದೇ 5 ಸುತ್ತು. 28 ಗೇಜ್ ಕಾಂತಲ್ ಎ1 ಒಂದು ಮೀಟರಿಗೆ ಸುಮಾರು 18 ಓಮ್ ತಡೆ ಕೊಡುತ್ತದೆ. ಅಷ್ಟೇ ದಪ್ಪದ ನೈಕ್ರೋಮ್ 80 ಕೊಡುವುದು ಸುಮಾರು 13.5. ಲೋಹದ ಗುಣವೇ ಹಾಗೆ, ಯಾರು ಸುತ್ತಿದರೂ ಕಾಲು ಭಾಗ ಕಡಿಮೆಯೇ ಬರುತ್ತದೆ. ಇಷ್ಟು ಹೇಳಿದರೂ ಅನುಮಾನ ಇದೆಯಾ? ಮನೆಯಲ್ಲಿರುವ ಒಂದು ಹಳೇ ಕಾಯಿಲ್, ಒಂದು ಹೊಸದು ತಗೊಳ್ಳಿ. ಕಾಲುಗಳನ್ನು (ಸ್ಕ್ರೂಗೆ ಸಿಕ್ಕಿಸುವ ತಂತಿಯ ತುದಿಗಳು) ಒಂದೇ ಉದ್ದಕ್ಕೆ ಕತ್ತರಿಸಿ, ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿಡಿ. ಹೊಸದೇ ಭಾರ ತೂಗುತ್ತದೆ, ಯಾಕಂದರೆ ನೈಕ್ರೋಮ್ ಕಾಂತಲ್‌ಗಿಂತ ಭಾರದ ಲೋಹ. ತಂತಿ ಕದ್ದಿದ್ದರೆ ತೂಕ ಜಾಸ್ತಿ ಬರುತ್ತಿತ್ತಾ?

ಹಾಗಾದರೆ ಬದಲಾಯಿಸಿದ್ದು ಯಾಕೆ? ಕಾಂತಲ್ ಸೆಟೆದು ನಿಲ್ಲುವ ತಂತಿ. ಸ್ಕ್ರೂ ಬಿಗಿ ಮಾಡುವಾಗ ಕಾಲು ಹೊರಗೆ ಜಾರುತ್ತದೆ ಅಂತ ನೀವೇ ಎಷ್ಟೋ ಸಲ ಹೇಳಿದ್ದಿರಿ. ನೈಕ್ರೋಮ್ ಮೆತ್ತಗಿದೆ, ಬಗ್ಗಿಸಿದ ಕಡೆ ಕೂರುತ್ತದೆ, ಅಷ್ಟೇ ವೋಲ್ಟ್‌ಗೆ ಬೇಗ ಕಾಯುತ್ತದೆ.

ಬೆಲೆ ಏರಿದ್ದು ನಿಜ. ಆದರೆ ಅದು ಬರೀ ತಂತಿಯ ಬೆಲೆ ಅಂದುಕೊಂಡರೆ ನಮ್ಮ ಕೆಲಸಕ್ಕೆ ಅನ್ಯಾಯವಾಗುತ್ತದೆ. 30 ಸೆಂಟಿಮೀಟರ್ ಕ್ಲಾಪ್ಟನ್ ಆಗಬೇಕಾದರೆ ಎರಡು ಎಳೆಗಳ ಮೇಲೆ ಸುಮಾರು 5 ಮೀಟರ್ 36 ಗೇಜ್ ತಂತಿ ಸುತ್ತಬೇಕು, 2,300ಕ್ಕೂ ಹೆಚ್ಚು ಸುತ್ತು. ಡ್ರಿಲ್ ತಿರುಗುತ್ತಿರುತ್ತದೆ, ಆ ತಂತಿ ಬೆರಳ ಸಂದಿಯಲ್ಲಿ ಓಡುತ್ತಿರುತ್ತದೆ. ಬೆರಳು ಸ್ವಲ್ಪ ಸಡಿಲವಾದರೆ ಸುತ್ತುಗಳ ನಡುವೆ ಸಂದು ಬೀಳುತ್ತದೆ, ಸ್ವಲ್ಪ ಬಿಗಿಯಾದರೆ ಪಟ್ ಅಂತ ತುಂಡಾಗುತ್ತದೆ. ಕೊನೆಯ ಎರಡು ಸೆಂಟಿಮೀಟರ್‌ನಲ್ಲಿ ತುಂಡಾದರೂ ನಾವು ಗಂಟು ಹಾಕಿ ಕಳಿಸಿದವರಲ್ಲ. ಪೂರ್ತಿ ತಂತಿ ಕಸಕ್ಕೆ ಹೋಗುತ್ತದೆ. ಆ ಕಸದ ಖರ್ಚು ಬಿಲ್‌ನಲ್ಲಿ ಕಾಣೋದಿಲ್ಲ, ಆದರೆ ಇಷ್ಟು ದಿನ ಅದನ್ನು ನಾವೇ ಹೊತ್ತಿದ್ದೇವೆ. ಈಗ ಆಗುತ್ತಿಲ್ಲ.

ನಿಕಲ್ ಅಂದರೆ ಮೈಗೆ ಆಗದವರು ಈ ಕಾಯಿಲ್ ತಗೊಳ್ಳಲೇಬೇಡಿ, ಇದರಲ್ಲಿ ನೂರಕ್ಕೆ 80 ಭಾಗ ನಿಕಲ್ಲೇ ಇದೆ. ನಮ್ಮ ಕ್ಲಾಪ್ಟನ್‌ನ ಹೊರಸುತ್ತಿಗೆ ಮೊದಲಿನಿಂದಲೂ ನೈಕ್ರೋಮೇ ಇತ್ತು. ಅದನ್ನೂ ಚೀಟಿಯಲ್ಲಿ ಬರೆಯಬೇಕಿತ್ತು, ಬರೆದಿರಲಿಲ್ಲ. ನಿಮಗಾಗಿ ಪೂರ್ತಿ ಕಾಂತಲ್‌ನ ಒಂಟಿ ತಂತಿ ಕಾಯಿಲ್ ಮಾಡಿಕೊಡುತ್ತೇವೆ, ಆರ್ಡರ್‌ನಲ್ಲಿ ಒಂದು ಸಾಲು ಬರೆಯಿರಿ ಸಾಕು.

ಇನ್ನೊಂದು ಮಾತು. ದ್ರವ ಹೀರುವ ಹತ್ತಿ ತೆಗೆದು ಕಾಯಿಲ್ ಸುಟ್ಟು ಕ್ಲೀನ್ ಮಾಡುವಾಗ ಕಾಂತಲ್‌ಗೆ ಕೊಡುತ್ತಿದ್ದಷ್ಟು ಉರಿ ಇದಕ್ಕೆ ಬೇಡ. ಕಾಂತಲ್ ಸುಮಾರು 1,500 ಡಿಗ್ರಿಗೆ ಕರಗಿದರೆ ಇದು ಸುಮಾರು 1,400ಕ್ಕೇ ಕರಗುತ್ತದೆ. ಕಡಿಮೆ ವಾಟ್‌ನಲ್ಲಿ ಬಟನ್ ಒತ್ತಿ ಒತ್ತಿ ಬಿಡಿ. ಕೆಂಪು ನಡುವಿನಿಂದ ಅಂಚಿಗೆ ಹರಡಬೇಕು. ಕಾಲೇ ಮೊದಲು ಕೆಂಪಾದರೆ ನಿಲ್ಲಿಸಿ, ಸ್ಕ್ರೂ ಮತ್ತೆ ಬಿಗಿ ಮಾಡಿ.

ಇನ್ನು ಮುಂದೆ ಪ್ರತಿ ಪ್ಯಾಕೆಟ್ ಮೇಲೆ ಒಳತಂತಿ, ಹೊರತಂತಿ, ಗೇಜ್, ಸುತ್ತು, ಮತ್ತು ಆ ಜೋಡಿಯನ್ನೇ ಅಳೆದಾಗ ಬಂದ ಓಮ್ ಕೈಯಲ್ಲಿ ಬರೆದಿರುತ್ತದೆ. ನಿಮ್ಮ ಮೀಟರ್‌ನಲ್ಲಿ 0.02 ಆಚೀಚೆ ಬಂದರೆ ಗಾಬರಿ ಬೇಡ, ಕಾಲು ಕತ್ತರಿಸಿದ ಉದ್ದಕ್ಕೂ ಸ್ಕ್ರೂ ಬಿಗಿಗೂ ಅಷ್ಟು ವ್ಯತ್ಯಾಸ ಆಗುತ್ತದೆ. ಹಳೇ ಚೀಟಿಯ ಪ್ಯಾಕೆಟ್ ಒಡೆದಿದ್ದರೂ ಸರಿ, ವಾಪಸ್ ಕಳಿಸಿ. ಹೊಸದು ಕೊಡುತ್ತೇವೆ, ಅಂಚೆ ಖರ್ಚು ನಮ್ಮದು. ಇಟ್ಟುಕೊಳ್ಳುತ್ತೇನೆ ಅನ್ನುವವರು ಮೀಟರ್ ಅಂಕಿಯ ಫೋಟೊ, ಬ್ಯಾಟರಿ ಮೇಲಿನ ಬರಹದ ಫೋಟೊ ಕಳಿಸಿ. ಹಾಕಬಹುದೋ ಬೇಡವೋ ನಾವೇ ಕೂತು ನೋಡಿ ಹೇಳುತ್ತೇವೆ. ಅಲ್ಲಿವರೆಗೆ ದಯವಿಟ್ಟು ಬಟನ್ ಒತ್ತಬೇಡಿ.

ನಿಮ್ಮ,
ಕಾಯಿಲ್ ಸುತ್ತುವವರು