ಮೂರನೇ ಗೋಡೆ ಕಟ್ಟುವ ಮೊದಲು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಮಂಗಳೂರು ಹೊರವಲಯದ ನಮ್ಮ ಪದವಿನ ರಸ್ತೆಯ ದರೆಗೆ, ಅಂದರೆ ಗುಡ್ಡೆ ಕಡಿದ ಬದಿಗೆ, ಮತ್ತೆ ತಡೆಗೋಡೆ ಮಂಜೂರಾಗಿದೆಯಂತೆ. ಸಂತೋಷವೇ. ಆದರೆ ಇದು ಮೂರನೆಯದು. ಅದಕ್ಕೇ, ಸ್ವಲ್ಪ ಉದ್ದಕ್ಕಾದರೂ ಗೋಡೆಯ ಬದಲು ತೆಂಗಿನ ನಾರು ಬೆರೆಸಿದ ಮಣ್ಣಿನಲ್ಲಿ ಮಾಡಿಸಿ ನೋಡಿ ಅಂತ ಕೇಳಲು ಈ ಪತ್ರ. ಮೊದಲಿನದು ಕೆಂಪುಕಲ್ಲಿನದು, ಎರಡು ಮಳೆಗಾಲ ನಿಂತಿತು. ಎರಡನೆಯದು ಕಾಂಕ್ರೀಟಿನದು. ಹೋದ ಆಟಿಯಲ್ಲಿ, ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ಅದಕ್ಕೆ ಹೊಟ್ಟೆ ಬಂತು, ಆಮೇಲೆ ಒಂದು ರಾತ್ರಿ ರಸ್ತೆಗೆ ಮಲಗಿತು. ಬೆಳಿಗ್ಗೆ ಹೋಗಿ ನೋಡಿದೆ. ಗೋಡೆ ಒಡೆದಿರಲಿಲ್ಲ ಮಾರಾಯ್ರೇ, ಇಡೀ ಹಲಗೆಯ ಹಾಗೆ ಬಿದ್ದಿತ್ತು! ಅದರ ಹಿಂದಿನಿಂದ ಬಿಳಿ, ತಿಳಿ ಗುಲಾಬಿ, ಅಲ್ಲಲ್ಲಿ ಹಳದಿ ಬಣ್ಣದ ಮಣ್ಣು ದೋಸೆ ಹಿಟ್ಟಿನ ಹಾಗೆ ಇಳಿದು ಬಂದಿತ್ತು. ನೀರು ಹೋಗಲಿ ಅಂತ ಗೋಡೆಯಲ್ಲಿ ಇಟ್ಟಿದ್ದ ಪೈಪೊಂದಕ್ಕೆ ಬೆರಳು ಹಾಕಿದೆ. ಒಳಗೂ ಅದೇ ಮಣ್ಣು, ಗಟ್ಟಿಯಾಗಿ ಕೂತಿತ್ತು. ನೀರು ಬಸಿದು ಹೋಗಲು ಗೋಡೆಯ ಹಿಂದೆ ಹಾಕಬೇಕಾದ ಜಲ್ಲಿ ಒಂದು ಬುಟ್ಟಿ ಕೂಡ ಕಾಣಲಿಲ್ಲ.

ಕಾಂಕ್ರೀಟಿನದು ತಪ್ಪಿಲ್ಲ. ನೀರು ಕುಡಿದ ಶೇಡಿ ಮಣ್ಣನ್ನು ತಡೆದು ನಿಲ್ಲು ಅಂದರೆ ಅದಾದರೂ ಏನು ಮಾಡೀತು?

ಶೇಡಿ ಮಣ್ಣು ನಿಮಗೂ ಗೊತ್ತು, ನೀವೂ ಇದೇ ಊರಿನವರು. ಮೇಲೆ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗಟ್ಟಿ ಹೊದಿಕೆ, ಕೆಳಗೆ ಇದು. ಪುಸ್ತಕದವರು ಲಿಥೋಮಾರ್ಜ್ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಜೆಸಿಬಿ ಗುಡ್ಡೆಯನ್ನು ನೆಟ್ಟಗೆ ಕಡಿದಾಗ ಇದು ಗೋಡೆಯ ಹಾಗೆ ನಿಲ್ಲುತ್ತದೆ, ಅದನ್ನು ನೋಡಿಯೇ ಎಲ್ಲರೂ ಮೋಸ ಹೋಗುವುದು. ಜೂನ್‌ನಲ್ಲಿ ನೀರು ಇಳಿದ ಮೇಲೆ ಅದೇ ಮಣ್ಣಿಗೆ ಮೊದಲಿನ ಬಲ ಇರುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. 2020ರ ಜುಲೈಯಲ್ಲಿ ಗುರುಪುರದ ಬಂಗ್ಲೆಗುಡ್ಡೆಯಲ್ಲಿ, 2025ರ ಮೇ ಕೊನೆಗೆ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮಕ್ಕಳು ತೀರಿಹೋದರು. ಅಲ್ಲಿ ಕಾರಣ ಇದೇ ಅಂತ ನಾನು ಹೇಳುತ್ತಿಲ್ಲ. ಆದರೆ ದರೆಯ ಬುಡದಲ್ಲಿ ಮನೆ ಇರುವ ಯಾರಿಗೂ ಆಮೇಲೆ ಮಳೆಗಾಲದಲ್ಲಿ ಸರಿ ನಿದ್ದೆ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಡಿಪ್ಲೊಮಾ ಮಾಡಿ 20 ವರ್ಷ ಸೈಟ್ ನೋಡಿಕೊಂಡವನು, ದೊಡ್ಡ ಇಂಜಿನಿಯರ್ ಅಲ್ಲ. ಬಿದ್ದ ಮಣ್ಣಿನಿಂದಲೇ ಒಂದು ಮುಷ್ಟಿ ಮನೆಗೆ ತಂದು ಎರಡು ಉಂಡೆ ಕಟ್ಟಿದೆ. ಒಂದು ಬರೀ ಮಣ್ಣು. ಇನ್ನೊಂದಕ್ಕೆ ಬಚ್ಚಲ ಒಲೆಗೆ ಇಟ್ಟಿದ್ದ ತೆಂಗಿನ ಸಿಪ್ಪೆಯಿಂದ ನಾರು ಕಿತ್ತು, ಬೆರಳಿನ ಒಂದು ಗೆಣ್ಣಿನಷ್ಟು ಉದ್ದಕ್ಕೆ ಕತ್ತರಿಸಿ, ಒಂದು ಚಿಟಿಕೆ ಬೆರೆಸಿದೆ. ನಾಲ್ಕು ದಿನ ಒಣಗಿಸಿ ಎರಡನ್ನೂ ಹಲಗೆಯ ಕೆಳಗಿಟ್ಟು ಒತ್ತಿದೆ. ಬರೀ ಮಣ್ಣಿನದು ಟಪ್ಪೆಂದು ಎರಡು ಹೋಳಾಯಿತು. ನಾರಿನದ್ದೂ ಬಿರಿಯಿತು, ಆದರೆ ಬಿಟ್ಟು ಹೋಗಲಿಲ್ಲ. ಬಿರುಕಿನೊಳಗೆ ನಾರುಗಳು ಅಡ್ಡಡ್ಡ ಎಳೆದುಕೊಂಡು ಹಿಡಿದಿದ್ದವು. ನನ್ನ ಮನೆಯವಳು ನೋಡಿ, ಇದನ್ನು ಕಲಿಯಲು ಕಾಲೇಜು ಬೇಕಿತ್ತಾ, ಅಜ್ಜಿ ಮಣ್ಣಿನ ಗೋಡೆಗೆ ಬೈಹುಲ್ಲು ಹಾಕಿ ತುಳಿಯುತ್ತಿದ್ದದ್ದು ಮತ್ತೆ ಎಂತಕ್ಕೆ ಅಂದಳು. ಸರಿಯೇ.

ಮಣ್ಣನ್ನು ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಜಾರಲು ಹೊರಟಾಗ ಎಳೆತವನ್ನು ನಾರು ತೆಗೆದುಕೊಳ್ಳುತ್ತದೆ, ಮರದ ಬೇರು ಮಾಡುವುದೂ ಅದನ್ನೇ. 100 ಕಿಲೋ ಒಣ ಮಣ್ಣಿಗೆ ಅರ್ಧದಿಂದ ಒಂದು ಕಿಲೋ ನಾರು ಸಾಕು. ಜಾಸ್ತಿ ಹಾಕಿದರೆ ನಾರೇ ಉಂಡೆ ಕಟ್ಟುತ್ತದೆ, ಮಣ್ಣು ಸರಿಯಾಗಿ ದಮ್ಮಸ್ ಆಗಿ ಗಟ್ಟಿ ಕೂರುವುದಿಲ್ಲ.

ಇದು ಮಂತ್ರ ಅಲ್ಲ. ಅದೇ ನಾರಿನ ಉಂಡೆಯನ್ನು ನೀರಿನ ಲೋಟಕ್ಕೆ ಹಾಕಿದರೆ ಅಂಚಿನಿಂದ ಕರಗುತ್ತದೆ, ಹಾಕಿ ನೋಡಿದ್ದೇನೆ. ಅದಕ್ಕೇ ಸ್ವಲ್ಪ ಸುಣ್ಣವೋ ಸಿಮೆಂಟೋ ಸೇರಿಸಬೇಕು, ದರೆಯ ಮೇಲೆ ನೀರನ್ನು ಬೇರೆ ಕಡೆ ತಿರುಗಿಸುವ ಕಣಿ ಬೇಕು, ಹಿಂದೆ ಜಲ್ಲಿ ಬೇಕು. ತೆಂಗಿನ ನಾರು ಕೆಲವು ವರ್ಷಕ್ಕೆ ಕೊಳೆಯುತ್ತದೆ. ಅಷ್ಟರೊಳಗೆ ಮೇಲೆ ನೆಟ್ಟ ಲಾವಂಚದ ಹುಲ್ಲು ಬೇರು ಬಿಟ್ಟರೆ ಸರಿ, ಶಾಶ್ವತ ಬೇಕು ಅಂದರೆ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ನಾರು ಉಂಟು. ನಲವತ್ತು ಅಡಿ ನೆಟ್ಟಗೆ ಕಡಿದ ಗುಡ್ಡೆಯ ತುದಿಯಲ್ಲಿ ಮನೆ ಇದ್ದರೆ ಅಲ್ಲಿಗೆ ಇದು ಸಾಲದು, ಅಲ್ಲಿ ಗೋಡೆಯೇ ಬೇಕು. ನಮ್ಮದು ಹನ್ನೆರಡು ಅಡಿ ದರೆ. ಜರಿದದ್ದನ್ನು ತೆಗೆದು, ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಬೆರೆಸಿದ ಮಣ್ಣನ್ನು ಪದರ ಪದರವಾಗಿ ರೋಲರ್ ಓಡಿಸಿ ಕೂರಿಸಿ, ಸ್ವಲ್ಪ ಇಳಿಜಾರು ಬಿಟ್ಟರೆ ಆಗುವ ಕೆಲಸ.

ನಿಮ್ಮ ಕಚೇರಿಗೆ ಬಂದಾಗ ಅಲ್ಲಿದ್ದ ಇಂಜಿನಿಯರ್ ಇದು ಎಸ್‌ಆರ್‌ನಲ್ಲಿ, ಅಂದರೆ ಸರಕಾರಿ ಕಾಮಗಾರಿಯ ದರಪಟ್ಟಿಯಲ್ಲಿ, ಇಲ್ಲ ಅಂದರು. ದರಪಟ್ಟಿಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಅನ್ನುವ ಹಾಗೆ! 2020ರಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದಲ್ಲಿ ತೆಂಗಿನ ನಾರಿನ ಜಾಲರಿ ಹಾಕಲು ಕೇಂದ್ರ ಒಪ್ಪಿತು. ಅದು ಹಾಸುವ ಜಾಲರಿ, ನಾನು ಹೇಳುವುದು ಬೆರೆಸುವ ನಾರು, ಆದರೂ ಒಂದೇ ಬಳಗ. 7 ರಾಜ್ಯ, 1,674 ಕಿಲೋಮೀಟರ್. ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ: ಗೋವಾ ಒಂದು ಬಿಟ್ಟರೆ ನಮ್ಮ ಅಕ್ಕಪಕ್ಕದವರೆಲ್ಲ ಆ ಪಟ್ಟಿಯಲ್ಲಿದ್ದರು. ಕರ್ನಾಟಕ ಇರಲಿಲ್ಲ. ತೆಂಗು ನಮ್ಮಲ್ಲಿ ಕಡಿಮೆಯಾ? ಮಳೆಯಲ್ಲಿ ಕೊಚ್ಚಿ ಹೋಗುವ ಇಳಿಜಾರಿಗೆ ಈ ಜಾಲರಿ ಹಾಸುವುದು ಹೇಗೆ ಅಂತ ಐಎಸ್ 15872 ಅನ್ನುವ ಮಾನಕವೇ ಉಂಟು. ಸುರತ್ಕಲ್‌ನ ಎನ್‌ಐಟಿಕೆ ಇಂಜಿನಿಯರಿಂಗ್ ಕಾಲೇಜಿನವರು ಅಡಿಕೆ ಸಿಪ್ಪೆಯ ನಾರನ್ನು ಕೂಡ ಇಲ್ಲಿನ ಕೆಂಪು ಮಣ್ಣಿಗೆ ಸೇರಿಸಿ ಪರೀಕ್ಷೆ ಮಾಡಿದ್ದಾರೆ. ಇಷ್ಟು ಹತ್ತಿರ ಇದ್ದಾರೆ, ಒಂದು ಫೋನ್ ಮಾಡಿ ಕೇಳಬಹುದು ಅಲ್ವಾ?

ಮಂಜೂರಾದ ಗೋಡೆ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ನೆರೆಮನೆಯವರು ನನ್ನನ್ನು ಬಿಡುವುದಿಲ್ಲ. ಟೆಂಡರ್ ಕರೆಯುವ ಮೊದಲು ಆ ದರೆಯ ಮಣ್ಣು ಪರೀಕ್ಷೆ ಮಾಡಿಸಿ, ಒಣಗಿದ್ದಾಗಿನದ್ದಲ್ಲ, ನೆನೆದಾಗಿನ ಬಲ ಎಷ್ಟು ಅಂತ. ಉದ್ದದಲ್ಲಿ ಮೂವತ್ತು ಮೀಟರ್ ಮಾತ್ರ ನಾರು ಬೆರೆಸಿದ ಮಣ್ಣಿನಲ್ಲಿ ಮಾಡಿಸಿ, ಉಳಿದದ್ದು ನಿಮ್ಮ ಗೋಡೆ. ಗೋಡೆಯ ಹಿಂದೆ ಜಲ್ಲಿ ಬಿದ್ದಿದೆಯೋ ಇಲ್ಲವೋ ಅಂತ ಮುಚ್ಚುವ ಮೊದಲು ಫೋಟೊ ತೆಗೆಸಿ. ಎರಡು ಮಳೆಗಾಲ ನೋಡೋಣ.

ಜಾಗ ನೋಡಲು ಬರುವುದಾದರೆ ಜನವರಿಯಲ್ಲಿ ಬೇಡ, ಆಗ ಎಲ್ಲ ಚೆಂದವೇ ಕಾಣುತ್ತದೆ. ಆಟಿಯಲ್ಲಿ ಬನ್ನಿ, ಹಳೆ ಚಪ್ಪಲಿ ಹಾಕಿಕೊಂಡು. ಶೇಡಿ ಮೆತ್ತಿಕೊಂಡರೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಇಂತಿ,
ಪದವಿನ ರಸ್ತೆಯ ಒಬ್ಬ ಮತದಾರ