ಕಲ್ಲುಮನೆಯ ಗೋಡೆ ಉಳಿಸಿಕೊಟ್ಟವರಿಗೆ ವಂದನೆ

ಎರಡು ಮಳೆಗಾಲಗಳ ಆತಂಕದ ಬಳಿಕ ನಮ್ಮ ಹಳೆಯ ಕಲ್ಲುಮನೆಯ ದುರಸ್ತಿ ಮುಗಿದಿದೆ. ಉಬ್ಬಿ ನಿಂತಿದ್ದ ಹಿಂಗೋಡೆಯನ್ನು ಕೆಡವದೆ ಉಳಿಸಿಕೊಟ್ಟವರಿಗೆ ಮನೆಮಂದಿಯೆಲ್ಲರ ಪರವಾಗಿ ಕೃತಜ್ಞತೆ ಸಲ್ಲಿಸುತ್ತಿದ್ದೇನೆ.

ಮೊದಲ ವಂದನೆ ಹಿರಿಯ ಮೇಸ್ತ್ರಿಯವರಿಗೆ. ಹಿಂದೆಂದೋ ಸಂದುಗಳಿಗೆ ಮೆತ್ತಿದ್ದ ಸಿಮೆಂಟನ್ನು ಉಳಿಯಿಂದ ಎಬ್ಬಿಸಿ, ಅದರ ಹಿಂದಿದ್ದ ಗಾರೆಯನ್ನು ಅವರು ನನ್ನ ಅಂಗೈಗೆ ಹಾಕಿದರು. ಹಿಂಡಿದಾಗ ಅದು ಕೆಸರಿನಂತೆ ಬೆರಳಿಗೆ ಅಂಟಿತು. 2 ಅಡಿ ದಪ್ಪದ ಈ ಗೋಡೆಗೆ ಹೊರಗೊಂದು, ಒಳಗೊಂದು ಕಲ್ಲಿನ ವರಸೆಯಿದ್ದು, ನಡುವೆ ಚೂರುಗಲ್ಲು ಮತ್ತು ಸುಣ್ಣದ ಗಾರೆ ತುಂಬಿದೆ; ಎರಡೂ ವರಸೆಗಳು ಬೇರೆಯಾಗದಂತೆ ಅಲ್ಲಲ್ಲಿ ಗೋಡೆಯ ಅಡ್ಡಗಲಕ್ಕೂ ಹಾಯುವ ಉದ್ದನೆಯ ಕಲ್ಲುಗಳನ್ನು ಇಟ್ಟಿದ್ದಾರೆ. ಒಳಹೊಕ್ಕ ತೇವ ಸುಣ್ಣದ ಸಂದುಗಳಿಂದ ಆರಿಹೋಗಬೇಕು. ಸಿಮೆಂಟು ಆ ದಾರಿ ಮುಚ್ಚಿದ್ದರಿಂದ ನಡುವಿನ ಗಾರೆ ಸಡಿಲಗೊಂಡು, ಚೂರುಗಲ್ಲು ಕೆಳಗೆ ಕುಸಿದು, ಹೊರವರಸೆಯನ್ನು ದೂಡಿತ್ತು. ಅವರು ಸಿಮೆಂಟನ್ನೆಲ್ಲ ಬಿಡಿಸಿ, 3 ತಿಂಗಳು ನೀರಿನಡಿ ಹದಗೊಂಡ ಸುಣ್ಣವನ್ನೇ ಬಳಸಿದರು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣ ಗಟ್ಟಿಯಾಗುವುದು ಬಹಳ ನಿಧಾನ; ಅವಸರಪಟ್ಟ ನಮ್ಮನ್ನು ಅವರು ತಾಳ್ಮೆಯಿಂದ ಸಹಿಸಿಕೊಂಡರು.

ಇನ್ನು, ಹಿಂದಿನ ಒಡೆಯರ ಮನೆತನದ ಹಿರಿಯ ತಾಯಿಯೊಬ್ಬರಿಗೆ ನಾವು ಎಷ್ಟು ಋಣಿಗಳೆಂದು ಹೇಳಲಾರೆ. ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಟ್ಟಿದ್ದ ಕ್ರಯಪತ್ರಗಳನ್ನೂ ವಿಭಾಗಪತ್ರವನ್ನೂ ಅವರು ತಾವಾಗಿಯೇ ತಂದುಕೊಟ್ಟರು. ಮೊದಲ ಕ್ರಯಪತ್ರದಲ್ಲಿ ಮಹಡಿಯ ಮಾತೇ ಇಲ್ಲ, ಮುಂದಿನದರಲ್ಲಿದೆ. ಕೆಳಗಿನ ಮೂಲೆಗಲ್ಲುಗಳ ಮೇಲೆ ನವಿರಾದ ಉಳಿಗೆರೆಗಳಿದ್ದು, ಮೇಲಿನವು ಒರಟಾಗಿರುವುದೇಕೆಂದು ನಮಗೆ ತಿಳಿದದ್ದು ಆಗಲೇ: ಮಹಡಿ ಎರಡನೆಯ ಒಡೆಯರದು. ನಡುಗೋಡೆಯಲ್ಲಿ ಕಲ್ಲಿಟ್ಟು ಮುಚ್ಚಿದ ಬಾಗಿಲಿಗೂ ವಿಭಾಗಪತ್ರದಲ್ಲೇ ಉತ್ತರವಿತ್ತು. ಅಣ್ಣತಮ್ಮಂದಿರು ಪಾಲಾದಾಗ ಅದನ್ನು ಮುಚ್ಚಿದ್ದರು. ಆ ಬಾಗಿಲನ್ನು ತೆರೆಯಬೇಕೆಂದಿದ್ದ ನಾವು, ಅದರ ಮೇಲಿನ ಚಪ್ಪಡಿಗಲ್ಲನ್ನು ಆ ತಾಯಿ ಬಹಳ ಹೊತ್ತು ಸವರುತ್ತ ನಿಂತದ್ದನ್ನು ಕಂಡು, ಇದ್ದಂತೆಯೇ ಬಿಟ್ಟಿದ್ದೇವೆ. ಅದು ಸರಿಯಾದ ತೀರ್ಮಾನವೆಂದೇ ನನ್ನ ನಂಬಿಕೆ.

ತಮ್ಮ ಅಂಗಳದಲ್ಲಿ ಸಾರುವೆ ಕಟ್ಟಲು ತಿಂಗಳುಗಟ್ಟಲೆ ಜಾಗ ಕೊಟ್ಟ ನೆರೆಯವರಿಗೂ, ಮರಳು ಸೋಸಿ ಗಾರೆ ಕಲಸಿದ ಪ್ರತಿಯೊಬ್ಬರಿಗೂ ಮನಃಪೂರ್ವಕ ವಂದನೆಗಳು.

ಆ ಪತ್ರಗಳ ನಕಲುಗಳನ್ನು ಮನೆಯಲ್ಲೇ ಇರಿಸಿದ್ದೇವೆ. ಯಾವ ಗೋಡೆಯಲ್ಲಿ ಯಾವ ಕಲ್ಲನ್ನು ಬದಲಿಸಿದೆವು, ಒಂದು ಪಾಲು ಸುಣ್ಣಕ್ಕೆ ಎಷ್ಟು ಪಾಲು ಮರಳು ಬೆರೆಸಿದೆವು ಎಂಬುದನ್ನೂ ಮೇಸ್ತ್ರಿಯವರಿಂದ ಕೇಳಿ ಬರೆದು, ಅವುಗಳ ಜೊತೆಗೆ ಸೇರಿಸಿದ್ದೇವೆ.